ಆಡುವ ಮೊದಲೇ ಬರೆಯಬೇಕಿದ್ದ ನಡೆ

ಚೆಸ್ ಟೂರ್ನಿಯ ಒಂಬತ್ತನೇ, ಕೊನೆಯ ಸುತ್ತಿನ ದಿನ ಬೆಳಿಗ್ಗೆ ಏಳೂವರೆಗೆ ಮುಖ್ಯ ತೀರ್ಪುಗಾರರ ಫೋನ್ ಬಂತು. ಮೊದಲ ನಾಲ್ಕು ಬೋರ್ಡ್‌ಗಳನ್ನು ನೋಡಿಕೊಳ್ಳುತ್ತಿದ್ದ ಸಹಾಯಕ ತೀರ್ಪುಗಾರರಿಗೆ ಜ್ವರ, ಅವರ ಜಾಗದಲ್ಲಿ ನೀವು ನಿಲ್ಲಬೇಕು ಎಂದರು.

"ಸಾರ್, ಎರಡನೇ ಬೋರ್ಡ್‌ನಲ್ಲಿ ಆ ಹುಡುಗಿ ಇದಾಳೆ. ನಮ್ಮ ಕ್ಲಬ್ಬಿನವಳು. ಮೊದಲ ದಿನಾನೇ ನಿಮಗೆ ಹೇಳಿದ್ದೆ."

"ಹೇಳಿದ್ರಿ. ಬರೆದೂ ಇಟ್ಕೊಂಡಿದೀನಿ. ಬೇರೆ ಯಾರಿದಾರೆ ಹೇಳಿ? ಉಳಿದಿಬ್ರು ಮೊನ್ನೆ ಮೊನ್ನೆ ಪರೀಕ್ಷೆ ಪಾಸಾದ ಹುಡುಗ್ರು. ಬನ್ನಿ ಬನ್ನಿ, ಏನಾಗಲ್ಲ."

ಮುಖ್ಯ ತೀರ್ಪುಗಾರರು ಮೈಸೂರಿನವರು, ಕಾಲೇಜಿನಲ್ಲಿ ಗಣಿತ ಕಲಿಸಿ ನಿವೃತ್ತರಾದವರು. ಎಂಟು ದಿನ ಅವರು ನನ್ನನ್ನು ಆ ಹುಡುಗಿಯ ಬೋರ್ಡ್‌ನಿಂದ ದೂರ ಇಟ್ಟಿದ್ದರು. ಅದು ಸರಿಯಾದ ಕ್ರಮವೇ. ನಾನು ಪತ್ರಿಕೆಯೊಂದರಲ್ಲಿ ಉಪಸಂಪಾದಕ. ರಜೆ ಹಾಕಿ ಇಂಥ ಟೂರ್ನಿಗಳಲ್ಲಿ ತೀರ್ಪುಗಾರನ ಕೆಲಸ ಮಾಡುತ್ತೇನೆ, ಭಾನುವಾರ ವಿಜಯನಗರದ ಒಂದು ಸಣ್ಣ ಕ್ಲಬ್ಬಿನಲ್ಲಿ ಮಕ್ಕಳಿಗೆ ಚೆಸ್ ಆಡಿಸುತ್ತೇನೆ. ಆ ಹುಡುಗಿ ಏಳು ವರ್ಷದವಳಿದ್ದಾಗ ಅಲ್ಲಿಗೆ ಬಂದಳು. ಹನ್ನೊಂದಕ್ಕೆ ನನ್ನನ್ನು ಸೋಲಿಸಿದಳು. ಆಮೇಲೆ ನಾನು ಕಲಿಸುವುದೇನೂ ಉಳಿಯಲಿಲ್ಲ. ಬೇರೆ ಕೋಚ್ ಹತ್ತಿರ ಹೋದಳು. ಆದರೂ ಭಾನುವಾರ ಬಂದು ಚಿಕ್ಕ ಮಕ್ಕಳ ಜೊತೆ ಆಡಿ ಹೋಗುತ್ತಿದ್ದಳು.

ಈಗ ಅವಳಿಗೆ ಹದಿನೈದು, ಹತ್ತನೇ ತರಗತಿ. ಗ್ರ್ಯಾಂಡ್‌ಮಾಸ್ಟರ್ ಪಟ್ಟಕ್ಕೆ ಮೂರು ನಾರ್ಮ್‌ಗಳು ಬೇಕು, ಅಂದರೆ ಬಲಿಷ್ಠರ ನಡುವೆ ಮೂರು ಟೂರ್ನಿಗಳಲ್ಲಿ ನಿಗದಿತ ಮಟ್ಟದ ಆಟ ತೋರಿಸಬೇಕು. ಎರಡು ಆಗಿದ್ದವು. ಈ ಟೂರ್ನಿಯಲ್ಲಿ ಮೂರನೇ ಸುತ್ತಿನಲ್ಲಿ ಒಬ್ಬ ಗ್ರ್ಯಾಂಡ್‌ಮಾಸ್ಟರ್‌ನನ್ನು, ಐದರಲ್ಲಿ ಇನ್ನೊಬ್ಬನನ್ನು ಸೋಲಿಸಿದಳು. ಆರರಲ್ಲಿ ಅಗ್ರಶ್ರೇಯಾಂಕದವನ ಜೊತೆ ಡ್ರಾ. ಏಳರಲ್ಲಿ ಗೆಲ್ಲುವ ಆಟವನ್ನು ಕೈಬಿಟ್ಟಳು. ಎಂಟರಲ್ಲಿ ಮತ್ತೆ ಗೆದ್ದಳು. ಮೊದಲ ದಿನಗಳಲ್ಲಿ ದೊಡ್ಡ ಆಟಗಾರರು ಅವಳತ್ತ ತಲೆ ಎತ್ತಿ ನೋಡುತ್ತಿರಲಿಲ್ಲ. ಅವಳು ಮೆಟ್ಟಿಲ ಮೇಲೆ ಕೂತು ಡಬ್ಬಿಯ ರೊಟ್ಟಿ, ಶೇಂಗಾ ಚಟ್ನಿ ತಿಂದು ಹೋಗುತ್ತಿದ್ದಳು. ಆರನೇ ಸುತ್ತಾದ ಮೇಲೆ ಅವರಲ್ಲೊಬ್ಬರು ತಾವಾಗಿ ಕುರ್ಚಿ ಎಳೆದು, ಮುಗಿದ ಆಟವನ್ನು ಮತ್ತೆ ಹಾಕಿ ತೋರಿಸು ಎಂದರು. ಆ ವಲಯಕ್ಕೆ ಒಬ್ಬರನ್ನು ಸೇರಿಸಿಕೊಳ್ಳುವ ರೀತಿ ಅದು. ಬೇರೆ ಯಾವ ಸಮಾರಂಭವೂ ಇಲ್ಲ.

ಕೊನೆಯ ಸುತ್ತಿನಲ್ಲಿ ಅರ್ಧ ಅಂಕ ಸಿಕ್ಕಿದರೆ ಮೂರನೇ ನಾರ್ಮ್ ಪೂರ್ತಿ. ಎಂದರೆ, ಒಂದು ಡ್ರಾ.

ಟೂರ್ನಿ ನಡೆಯುತ್ತಿದ್ದದ್ದು ರಾಜಾಜಿನಗರದ ಒಂದು ಕಲ್ಯಾಣ ಮಂಟಪದಲ್ಲಿ. ಮೇಲಿನ ಹಾಲ್‌ನಲ್ಲಿ ಆಟ. ಕೆಳಗೆ ಮದುವೆಯ ಊಟ ಬಡಿಸುವ ಜಾಗದಲ್ಲಿ ಪೋಷಕರು. ಹೊರಗೆ ಮೂರು ದಿನದಿಂದ ಬಿಸಿಲೇ ಇರಲಿಲ್ಲ. ಹುಡುಗಿಯ ತಾಯಿ ಕೆಳಗೆ ಕಂಬದ ಪಕ್ಕ ನಿಂತಿದ್ದರು. ಗದಗದ ಕಡೆಯವರು. ಮಲ್ಲತ್ತಹಳ್ಳಿಯಲ್ಲಿ ಮನೆ, ನಾಗರಬಾವಿಯ ವಿದ್ಯಾರ್ಥಿಗಳ ಪಿ.ಜಿ.ಯೊಂದರಲ್ಲಿ ಅಡುಗೆ ಕೆಲಸ. ಗಂಡ ಶಾಲಾ ವ್ಯಾನ್ ಓಡಿಸುತ್ತಾರೆ. ಎಂಟು ದಿನ ಮಗಳು ಒಬ್ಬಳೇ ಬಂದಿದ್ದಳು. ಅವತ್ತು ತಾಯಿ ರಜೆ ಕೇಳಿ ಜೊತೆಗೆ ಬಂದಿದ್ದರು.

"ನಮ್ಮನಿಯವ್ರು ಒಂದ ಮಾತ ಹೇಳ್ಯಾರ್ರಿ ಸರ," ಎಂದರು. "ಇವತ್ತ ಆತಂದ್ರ ಆಡ್ಲಿ. ಆಗ್ಲಿಲ್ಲಂದ್ರ ಬೋರ್ಡ್ ಅಟ್ಟಕ್ಕ. ಹತ್ತನೇತ್ತಾ ಐತಿ, ಸಾಲ್ಯಾಗ ಹಾಜರಿ ಸೈತ ಇಲ್ಲ. ಇಕಿನೂ ಹೂಂ ಅಂದಾಳ."

ಹುಡುಗಿ ಪಕ್ಕದಲ್ಲೇ ಇದ್ದಳು. "ಅವ್ವಾ, ಸರ್ ಇವತ್ತ ನಮ್ಮ ಬೋರ್ಡಿಗೆ ಅದಾರ. ಅವ್ರ ಜೋಡಿ ಮಾತಾಡಬಾರದು," ಎಂದಳು. ನನ್ನ ಕೊರಳಿನ ಗುರುತಿನ ಚೀಟಿಯ ಬಣ್ಣ ಬದಲಾಗಿದ್ದನ್ನು ಆಗಲೇ ಗಮನಿಸಿದ್ದಳು.

"ಆಟ ಮುಗೀಲಿ ಅಮ್ಮ," ಎಂದಷ್ಟೇ ಹೇಳಿ ಮೆಟ್ಟಿಲು ಹತ್ತಿದೆ.

ಸುತ್ತಿನ ಮುಂಚಿನ ಕೆಲಸಗಳು ಎಂದಿನಂತೆ ಮುಗಿದವು. ಮೊಬೈಲ್‌ಗಳನ್ನು ಹೆಸರು ಬರೆದ ಕವರ್‌ಗಳಲ್ಲಿ ಹಾಕಿಸಿದೆವು. ಲೋಹಶೋಧಕ ಹಿಡಿದು ಒಬ್ಬೊಬ್ಬರನ್ನೇ ಒಳಗೆ ಬಿಟ್ಟೆವು. ಗಡಿಯಾರಗಳನ್ನು ನೋಡಿದೆ: ಮೊದಲ ನಲವತ್ತು ನಡೆಗಳಿಗೆ ತೊಂಬತ್ತು ನಿಮಿಷ, ಪ್ರತಿ ನಡೆಗೆ ಮೂವತ್ತು ಸೆಕೆಂಡ್ ಸೇರ್ಪಡೆ. ಸ್ಕೋರ್‌ಶೀಟ್‌ಗಳ ಕೆಳಗೆ ಕಾರ್ಬನ್ ಸರಿಯಾಗಿ ಕೂತಿದೆಯೇ ಎಂದು ನೋಡಿದೆ. ಇಬ್ಬರೂ ಆಟಗಾರರು ಎಲ್ಲ ನಡೆಗಳನ್ನೂ ತಮ್ಮ ಕೈಯಲ್ಲೇ ಬರೆಯಬೇಕು. ವಿವಾದ ಬಂದರೆ ಆ ಹಾಳೆಯೇ ಸಾಕ್ಷಿ.

ಈ ಬರವಣಿಗೆಯ ಬಗ್ಗೆ ಒಂದು ಮಾತು ಇಲ್ಲೇ ಹೇಳಬೇಕು. ಮಕ್ಕಳು ಸಾಮಾನ್ಯವಾಗಿ ನಡೆಯನ್ನು ಮೊದಲು ಹಾಳೆಯ ಮೇಲೆ ಬರೆಯುತ್ತಾರೆ, ಅದನ್ನು ನೋಡುತ್ತಾ ಯೋಚಿಸುತ್ತಾರೆ, ಹೊಡೆದು ಹಾಕಿ ಬೇರೆ ಬರೆಯುತ್ತಾರೆ, ಆಮೇಲೆ ಕಾಯಿ ಮುಟ್ಟುತ್ತಾರೆ. ನಿಯಮ ಇದನ್ನು ಒಪ್ಪುವುದಿಲ್ಲ. ಆಡಿದ ಮೇಲೆ ಬರೆಯಬೇಕು. ನನಗೆ ಈ ನಿಯಮ ಕಲಿಸುವುದು ಸುಲಭವಾಗಿತ್ತು. ನಮ್ಮ ಸುದ್ದಿಮನೆಯಲ್ಲೂ, ಸಭೆ ನಡೆಯುವ ಮುಂಚೆಯೇ ವರದಿ ಬರೆದಿಟ್ಟು, ಸಭೆ ರದ್ದಾಗಿ, ಮಾರನೇ ದಿನ ತಿದ್ದುಪಡಿ ಹಾಕಿದ ಉದಾಹರಣೆಗಳಿವೆ. ಹಾಗಾಗಿ ಕ್ಲಬ್ಬಿನಲ್ಲಿ ಪ್ರತಿ ಭಾನುವಾರ ಹೇಳುತ್ತಿದ್ದೆ: "ಆಗೋ ಮೊದಲೇ ಬರೀಬಾರದು. ಮೊದಲು ಕೈ, ಆಮೇಲೆ ಪೆನ್ನು." ಮಕ್ಕಳು ಅದನ್ನು ಮಗ್ಗಿಯ ಹಾಗೆ ಒಪ್ಪಿಸುತ್ತಿದ್ದರು.

ಆಟ ಮಧ್ಯಾಹ್ನ ಮೂರಕ್ಕೆ ಶುರುವಾಯಿತು. ಎದುರಾಳಿ ಹೊರ ರಾಜ್ಯದ ಗ್ರ್ಯಾಂಡ್‌ಮಾಸ್ಟರ್, ಎರಡನೇ ಶ್ರೇಯಾಂಕ, ನಲವತ್ತರ ಹತ್ತಿರದವರು. ಅವರಿಗೆ ಬಿಳಿ ಕಾಯಿ. ಎರಡು ದಿನದಿಂದ ಕೆಮ್ಮುತ್ತಿದ್ದರು. ಗೋಡೆಯ ಪಕ್ಕದ ಮೇಜಿನಿಂದ ಆಗಾಗ ಬಿಸಿನೀರು ಕುಡಿದು ಬರುತ್ತಿದ್ದರು.

ಆಟ ಶುರುವಾಗಿ ಮೂರು ಗಂಟೆ ಕಳೆಯುವ ಹೊತ್ತಿಗೆ ಬೋರ್ಡಿನ ಮೇಲೆ ತಲಾ ಒಂದು ಆನೆ, ಕೆಲವು ಪದಾತಿಗಳು, ರಾಜರು ಉಳಿದಿದ್ದರು. ಹುಡುಗಿಯ ಸ್ಥಿತಿ ಸ್ವಲ್ಪ ಕೆಳಗಿತ್ತು, ಆದರೆ ಸೋಲುವಷ್ಟಲ್ಲ. ನಲವತ್ತನೇ ನಡೆ ಮುಟ್ಟಿದರೆ ಇಬ್ಬರಿಗೂ ಇನ್ನೂ ಅರ್ಧ ಗಂಟೆ ಸಿಗುತ್ತಿತ್ತು. ಅಲ್ಲಿಯವರೆಗೆ ತಲುಪಲು ಬಲ್ಲವರು ಮಾಡುವ ಉಪಾಯವನ್ನೇ ಗ್ರ್ಯಾಂಡ್‌ಮಾಸ್ಟರ್ ಮಾಡಿದರು. ಆನೆಯಿಂದ ಚೆಕ್ ಕೊಡುವುದು, ಆನೆಯನ್ನು ಹಿಂದಕ್ಕೆ ತಂದು ಮತ್ತೆ ಚೆಕ್. ಹುಡುಗಿಯ ರಾಜ ಎರಡು ಮನೆಗಳ ನಡುವೆ ಓಡಾಡುತ್ತಿದ್ದ. ಒಂದೇ ಸ್ಥಿತಿ ಎರಡು ಸಲ ಬಂದರೆ ತೊಂದರೆಯಿಲ್ಲ. ಮೂರನೇ ಸಲ ಬಂದರೆ, ಕೇಳಿದವರಿಗೆ ಡ್ರಾ.

ಮೂವತ್ತೆಂಟನೇ ನಡೆಯಲ್ಲಿ ಗ್ರ್ಯಾಂಡ್‌ಮಾಸ್ಟರ್ ಚೆಕ್ ಕೊಟ್ಟು, ಗಡಿಯಾರ ಒತ್ತಿ, ಬರೆದು, ಬಿಸಿನೀರಿಗೆ ಎದ್ದು ಹೋದರು. ಅವರ ಹತ್ತಿರ ಆರು ನಿಮಿಷ ಉಳಿದಿತ್ತು, ಅವಳ ಹತ್ತಿರ ನಾಲ್ಕು. ನಾನು ಎರಡು ಹೆಜ್ಜೆ ಹಿಂದೆ ನಿಂತಿದ್ದೆ. ನನ್ನ ಟಿಪ್ಪಣಿಯ ಹಾಳೆಯಲ್ಲಿ ಎರಡು ಗೀಟುಗಳಿದ್ದವು. ಅವಳ ರಾಜ ಹಿಂದಿನ ಮನೆಗೆ ಹೋದರೆ ಮೂರನೆಯದು. ಆ ಸ್ಥಿತಿ ಮೊದಲ ಸಲ ಬಂದದ್ದು ಬೇರೆ ದಾರಿಯಿಂದ, ಮೂವತ್ತನಾಲ್ಕನೇ ನಡೆಯಲ್ಲಿ. ಗ್ರ್ಯಾಂಡ್‌ಮಾಸ್ಟರ್ ಅದನ್ನು ಎಣಿಸಿರಲಿಲ್ಲ. ಹುಡುಗಿ ಎಣಿಸಿದ್ದಳು. ಅವಳು ತನ್ನ ಹಾಳೆಯಲ್ಲಿ ಮೇಲಿನಿಂದ ಕೆಳಗೆ ಬೆರಳು ಇಳಿಸುತ್ತಾ ಮೂರು ಕಡೆ ನಿಲ್ಲಿಸಿದ್ದನ್ನು ನಾನು ನೋಡಿದೆ.

ಇಲ್ಲಿ ನಿಯಮ ತಲೆಕೆಳಗಾಗುತ್ತದೆ. ಇಡೀ ಆಟದಲ್ಲಿ ಆಡಿದ ಮೇಲೆ ಬರೆಯಬೇಕು. ಆದರೆ "ನನ್ನ ಈ ನಡೆಯಿಂದ ಮೂರನೇ ಸಲ ಆಗುತ್ತದೆ, ಡ್ರಾ ಕೊಡಿ" ಎಂದು ಕೇಳುವವರು ಮಾತ್ರ ಆ ನಡೆಯನ್ನು ಮೊದಲು ಬರೆಯಬೇಕು, ಕಾಯಿ ಮುಟ್ಟದೆ ಗಡಿಯಾರ ನಿಲ್ಲಿಸಿ ತೀರ್ಪುಗಾರರನ್ನು ಕರೆಯಬೇಕು. ಕಾಯಿ ಮುಟ್ಟಿದರೆ ಕೇಳುವ ಹಕ್ಕು ಹೋಯಿತು. ಆಗ ಅದು ಎದುರಾಳಿಯ ಕೈಯಲ್ಲಿರುತ್ತದೆ.

ಕ್ಲಬ್ಬಿನಲ್ಲಿ ಇದನ್ನು ನಾನು ಯಾವತ್ತೂ ಹೀಗೆ ನಡೆಸಿರಲಿಲ್ಲ. ಮಗು ಕಾಯಿ ಇಟ್ಟು "ಸಾರ್, ಮೂರು ಸಲ ಆಯ್ತು!" ಎಂದು ಕೂಗುತ್ತಿತ್ತು. ನಾನು ಬಂದು ಹಾಳೆ ನೋಡಿ, "ಸರಿ ಕಣೋ, ಡ್ರಾ, ಕೈ ಕುಲುಕಿ" ಎನ್ನುತ್ತಿದ್ದೆ. ಊಟದ ಹೊತ್ತಿನೊಳಗೆ ಇನ್ನೊಂದು ಸುತ್ತು ಮುಗಿಸಬೇಕಿರುತ್ತಿತ್ತು. ಏಳು ವರ್ಷದ ಮಕ್ಕಳಿಗೆ ನಿಯಮದ ಅಪವಾದ ಬೇಡ ಎಂದೂ ಅಂದುಕೊಂಡಿದ್ದೆ.

ಅವಳ ಕೈ ರಾಜನ ಕಡೆ ಹೋಯಿತು. ತೀರ್ಪುಗಾರ ಆಗ ಕೆಮ್ಮಲೂ ಬಾರದು. ನಾನು ಕೆಮ್ಮಲಿಲ್ಲ.

ಅವಳು ರಾಜನನ್ನು ಎತ್ತಿ ಇಟ್ಟಳು. ನಡೆಯನ್ನು ನೀಟಾಗಿ ಬರೆದಳು. ಗಡಿಯಾರ ನಿಲ್ಲಿಸಿ ಕೈ ಎತ್ತಿದಳು. ಅವಳ ಮುಖದಲ್ಲಿ ನಗುವಿರಲಿಲ್ಲ, ಆದರೆ ಭುಜ ಇಳಿದಿತ್ತು. ಒಂಬತ್ತು ದಿನದಲ್ಲಿ ಮೊದಲ ಸಲ ಅವಳು ಕುರ್ಚಿಗೆ ಒರಗಿದ್ದಳು.

ಮುಖ್ಯ ತೀರ್ಪುಗಾರರು ಬಂದರು. ಗ್ರ್ಯಾಂಡ್‌ಮಾಸ್ಟರ್ ಲೋಟ ಹಿಡಿದುಕೊಂಡೇ ವಾಪಸ್ಸಾದರು.

"ಏನಮ್ಮಾ?"

"ಮೂರು ಸಲ ಆಯ್ತು ಸಾರ್. ಮೂವತ್ತನಾಲ್ಕು, ಮೂವತ್ತಾರು, ಮೂವತ್ತೆಂಟು."

ಅವರು ಬೋರ್ಡ್ ನೋಡಿದರು, ಹಾಳೆ ನೋಡಿದರು. "ಈ ಮೂವತ್ತೆಂಟನೇದು, ಬರೆದು ಆಡಿದ್ಯಾ, ಆಡಿ ಬರೆದ್ಯಾ?"

ಗ್ರ್ಯಾಂಡ್‌ಮಾಸ್ಟರ್ ಅವಳು ಆಡಿದಾಗ ಅಲ್ಲಿರಲಿಲ್ಲ. ಪಕ್ಕದ ಬೋರ್ಡಿನವರು ತಲೆ ಎತ್ತಿರಲಿಲ್ಲ. ನೋಡಿದವರು ನಾವಿಬ್ಬರೇ. ಹುಡುಗಿ ಪ್ರಶ್ನೆ ಅರ್ಥವಾಗದೆ ನನ್ನ ಕಡೆ ತಿರುಗಿದಳು. ಕ್ಲಬ್ಬಿನಲ್ಲಿ ಅವಳು ಹಾಗೆಯೇ ತಿರುಗುತ್ತಿದ್ದಳು. ಮುಖ್ಯ ತೀರ್ಪುಗಾರರೂ ನನ್ನ ಕಡೆ ನೋಡಿದರು.

ನಾನು ಗಮನಿಸಲಿಲ್ಲ ಎನ್ನಬಹುದಿತ್ತು. ಆಗ ಅವಳ ಮಾತಿನ ಮೇಲೆ ನಿರ್ಧಾರವಾಗುತ್ತಿತ್ತು. ಅವಳೇನು ಹೇಳುತ್ತಿದ್ದಳೋ ನನಗೆ ಗೊತ್ತಿತ್ತು, ಏಕೆಂದರೆ ಸುಳ್ಳು ಹೇಳಬೇಕಾದ ಜಾಗ ಇದು ಎಂಬುದೇ ಅವಳಿಗೆ ತಿಳಿದಿರಲಿಲ್ಲ. ಅವಳ ಬಾಯಿಂದ ಅದನ್ನು ಹೇಳಿಸುವುದು ನನಗೆ ಸರಿ ಕಾಣಲಿಲ್ಲ.

"ಮೊದಲು ಆಡಿದಳು ಸಾರ್. ಆಮೇಲೆ ಬರೆದಳು. ನಾನು ನೋಡಿದೀನಿ."

"ಹೌದು ಸಾರ್," ಎಂದಳು ಹುಡುಗಿ, ನನ್ನ ಮಾತನ್ನು ಬೆಂಬಲಿಸುವವಳಂತೆ. "ಮೊದಲು ಆಡಿದೆ."

ಮುಖ್ಯ ತೀರ್ಪುಗಾರರು ಕನ್ನಡಕ ತೆಗೆದು ಮತ್ತೆ ಹಾಕಿಕೊಂಡರು. ಕಾಯಿ ಮುಟ್ಟಿದ ಮೇಲೆ ಕೇಳಿದ್ದರಿಂದ ಕೋರಿಕೆ ನಿಲ್ಲುವುದಿಲ್ಲ, ಆಟ ಮುಂದುವರಿಯುತ್ತದೆ, ತಪ್ಪು ಕೋರಿಕೆಗಾಗಿ ಎದುರಾಳಿಗೆ ಎರಡು ನಿಮಿಷ ಸೇರುತ್ತದೆ ಎಂದು ಮೊದಲು ಇಂಗ್ಲಿಷಿನಲ್ಲಿ, ಆಮೇಲೆ ಕನ್ನಡದಲ್ಲಿ ಹೇಳಿದರು. ಗಡಿಯಾರದಲ್ಲಿ ಎರಡು ನಿಮಿಷ ಸೇರಿಸಿದ್ದು ನಾನೇ. ಆರು ಇದ್ದದ್ದು ಎಂಟಾಯಿತು.

ಗ್ರ್ಯಾಂಡ್‌ಮಾಸ್ಟರ್ ಕೂತು ಎರಡೂ ಹಾಳೆಗಳನ್ನು ನೋಡಿದರು. ತಾವೆಲ್ಲಿ ಎಣಿಕೆ ತಪ್ಪಿದ್ದು ಎಂಬುದು ಆಗ ಅವರಿಗೆ ತಿಳಿಯಿತು. ಏಳು ನಿಮಿಷ ಯೋಚಿಸಿದರು. ಆ ಎರಡು ನಿಮಿಷ ಇಲ್ಲದಿದ್ದರೆ ಅಷ್ಟು ಯೋಚಿಸಲು ಅವರಿಗೆ ಆಗುತ್ತಿರಲಿಲ್ಲ. ನಂತರ ಚೆಕ್ ಕೊಡುವುದನ್ನು ಬಿಟ್ಟು ಪದಾತಿಯನ್ನು ಒಂದು ಮನೆ ಮುಂದೆ ತಳ್ಳಿದರು.

ಆಮೇಲಿನ ಇಪ್ಪತ್ತಮೂರು ನಡೆಗಳಲ್ಲಿ ಹುಡುಗಿ ಕೆಟ್ಟದಾಗಿ ಆಡಲಿಲ್ಲ. ನಲವತ್ತು ದಾಟಿದ ಮೇಲೆ ಅವಳಿಗೂ ಅರ್ಧ ಗಂಟೆ ಸಿಕ್ಕಿತು. ಆದರೆ ನಲವತ್ತನಾಲ್ಕನೇ ನಡೆಯಲ್ಲಿ ಆನೆಯನ್ನು ಹಿಂದಕ್ಕೆ ತರಬೇಕಾದಾಗ ಮುಂದೆ ತಂದಳು. ಎಂದಿನ ಅವಳಾಗಿದ್ದರೆ ಹಾಗೆ ಆಡುತ್ತಿರಲಿಲ್ಲ. ಅಲ್ಲಿಂದ ದಾರಿ ಒಂದೇ ಕಡೆ ಇತ್ತು. ಪ್ರತಿ ನಡೆಯನ್ನೂ ಅವಳು ಆಡಿ, ಗಡಿಯಾರ ಒತ್ತಿ, ಬರೆದಳು. ಅಕ್ಷರ ಕೊನೆಯವರೆಗೂ ಕೆಡಲಿಲ್ಲ. ಅರವತ್ತೊಂದರಲ್ಲಿ ಸೋಲೊಪ್ಪಿ ಕೈ ಚಾಚಿದಳು.

ಆಟ ಮುಗಿದಾಗ ಇಬ್ಬರೂ ರಾಜರನ್ನು ಬೋರ್ಡಿನ ನಡುವೆ ಇಡುವುದು ರೂಢಿ. ಬಿಳಿ ಗೆದ್ದರೆ ಬಿಳಿ ಮನೆಗಳಲ್ಲಿ, ಕಪ್ಪು ಗೆದ್ದರೆ ಕಪ್ಪು ಮನೆಗಳಲ್ಲಿ, ಡ್ರಾ ಆದರೆ ಒಂದೊಂದರಲ್ಲಿ. ದೂರದಿಂದಲೇ ಫಲಿತಾಂಶ ತಿಳಿಯಲು ಇದು ಅನುಕೂಲ. ಅವಳೇ ಎರಡೂ ರಾಜರನ್ನು ಎತ್ತಿ ಬಿಳಿ ಮನೆಗಳಲ್ಲಿಟ್ಟಳು. ಹಾಳೆಗಳಿಗೆ ಸಹಿ ಮಾಡಿ ಕಾರ್ಬನ್ ಪ್ರತಿ ಹರಿದುಕೊಂಡಳು. ನಾನು ಮೂಲ ಪ್ರತಿ ತೆಗೆದುಕೊಳ್ಳಲು ಬಗ್ಗಿದಾಗ ಸಣ್ಣ ದನಿಯಲ್ಲಿ ಕೇಳಿದಳು.

"ಸಾರ್, ಕ್ಲಬ್‌ನಲ್ಲಿ ಆಡಿ ಆಮೇಲೆ ಹೇಳ್ತಿದ್ವಲ್ಲ?"

"ಹೌದು."

"ರೂಲ್ ಬದಲಾಯ್ತಾ?"

"ಇಲ್ಲ ಪುಟ್ಟಾ. ಮೊದಲಿಂದಲೂ ಹೀಗೇ ಇದೆ. ಅಲ್ಲಿ ನಾನು ಸುಮ್ನೆ ಬಿಡ್ತಿದ್ದೆ."

ಅವಳು ತಲೆ ಆಡಿಸಿದಳು. ಉತ್ತರ ಕೇಳಿ ಟಿಪ್ಪಣಿ ಮಾಡಿಕೊಂಡವಳಂತಿತ್ತು. ಪೆನ್ನಿನ ಮುಚ್ಚಳ ಹಾಕಿ ಎದ್ದಳು.

ಕೆಳಗೆ ಹೋಗುವ ಮೆಟ್ಟಿಲ ಬಳಿ ಗ್ರ್ಯಾಂಡ್‌ಮಾಸ್ಟರ್ ನನ್ನನ್ನು ನಿಲ್ಲಿಸಿದರು. ಎಣಿಕೆ ತಪ್ಪಿದ್ದು ತಾವು, ಅವಳು ತಪ್ಪಿರಲಿಲ್ಲ, ಇಂಥದ್ದನ್ನು ಯಾರೂ ಅವಳಿಗೆ ಹೇಳಿಕೊಟ್ಟಿರಲಿಲ್ಲವೇ ಎಂದು ಕೇಳಿದರು. ಅವಳ ಮೊದಲ ಗುರು ಯಾರೆಂದು ಅವರಿಗೆ ತಿಳಿದಿರಲಿಲ್ಲ. ನಾನೇ ಎಂದೆ. ಅವರು ಕೆಮ್ಮುತ್ತಾ ಇಳಿದು ಹೋದರು.

ಸಂಜೆ ವರದಿಯ ನಮೂನೆ ತುಂಬಿದೆ. ಕೊನೆಯಲ್ಲಿ ವಿಶೇಷ ಟಿಪ್ಪಣಿಗೆ ನಾಲ್ಕು ಸಾಲು ಜಾಗವಿರುತ್ತದೆ. "ಎರಡನೇ ಬೋರ್ಡ್, ಮೂವತ್ತೆಂಟನೇ ನಡೆ. ಕಪ್ಪು ಕಾಯಿಯ ಆಟಗಾರ್ತಿ ನಡೆ ಆಡಿದ ನಂತರ ಡ್ರಾ ಕೋರಿದರು. ಕೋರಿಕೆ ತಿರಸ್ಕೃತ. ಬಿಳಿಗೆ ಎರಡು ನಿಮಿಷ." ಪ್ರತಿಯೊಂದು ಪದವೂ ಸರಿಯಾಗಿತ್ತು. ಪತ್ರಿಕೆಯಲ್ಲಾದರೆ ತಪ್ಪಿಗೆ ಮಾರನೇ ದಿನ ಒಳಪುಟದಲ್ಲಿ ಒಂದು ಸಣ್ಣ ಚೌಕ ಸಿಗುತ್ತದೆ. ಆ ನಮೂನೆಯಲ್ಲಿ ಅಂಥ ಜಾಗ ಇರಲಿಲ್ಲ. ಮುಖ್ಯ ತೀರ್ಪುಗಾರರು ಓದಿ ಸಹಿ ಮಾಡಿ, "ನಿಮ್ಮದೇನೂ ತಪ್ಪಿಲ್ಲ ಬಿಡ್ರಿ," ಎಂದರು. ಅವರು ಹೇಳಿದ್ದು ಅವತ್ತಿನ ಮಟ್ಟಿಗೆ ನಿಜ.

ಹದಿನೈದು ದಿನ ಕಳೆದು, ಒಂದು ಭಾನುವಾರ ತಾಯಿ ಕ್ಲಬ್ಬಿಗೆ ಬಂದರು. ಟವೆಲ್ಲಿನಲ್ಲಿ ಸುತ್ತಿದ ಚೆಸ್ ಗಡಿಯಾರವನ್ನು ಮೇಜಿನ ಮೇಲಿಟ್ಟರು. ಮನೆಯಲ್ಲಿ ಅಭ್ಯಾಸಕ್ಕೆಂದು ಕ್ಲಬ್ಬಿನಿಂದ ಕೊಟ್ಟಿದ್ದು ಅದು.

"ಇದನ್ನ ಕೊಟ್ಟ ಬಾ ಅಂದ್ಳ್ರಿ. ನಾ ಯಾವಾಗ ಬೇಕಾದ್ರೂ ಕೊಡೂಣು ಅಂದೆ. ಇಲ್ಲ, ಸಣ್ಣ ಹುಡುಗ್ರಿಗೆ ಬೇಕಾಗತೈತಿ ಅಂದ್ಳು."

"ಹೇಗಿದಾಳೆ ಅಮ್ಮ?"

"ಓದಾಕತ್ತಾಳ್ರಿ. ಭಾಳ ಓದಾಕತ್ತಾಳ. ಅದ ನನಗ ಹೆದರಿಕಿ." ಗಡಿಯಾರದಿಂದ ಟವೆಲ್ ಬಿಡಿಸಿ ತೆಗೆದರು. "ಸರ, ಒಂದ ಕೇಳ್ತೀನಿ, ತಪ್ಪ ತಿಳ್ಕೋಬ್ಯಾಡ್ರಿ. ನೀವು ನಮ್ಮವ್ರ ಅಲ್ಲೇನ್ರಿ? ಅವತ್ತ ಒಂದ ಮಾತ ಹೇಳಾಕ ಬರ್ತಿರಲಿಲ್ಲೇನು?"

"ಅವತ್ತು ಬರ್ತಿರಲಿಲ್ಲ ಅಮ್ಮ. ಅದಕ್ಕೆ ಮುಂಚೆ ಹೇಳಬೇಕಿತ್ತು. ಎಂಟು ವರ್ಷ ಟೈಮ್ ಇತ್ತು."

ಅವರು ಟವೆಲ್ ಮಡಿಸಿಕೊಂಡು ಹೋದರು. ಆ ದಿನ ಮಕ್ಕಳನ್ನೆಲ್ಲ ಗೋಡೆಯ ದೊಡ್ಡ ಬೋರ್ಡಿನ ಮುಂದೆ ಕೂರಿಸಿ ಅಪವಾದವನ್ನು ಕಲಿಸಿದೆ. ಅರ್ಧ ಗಂಟೆಯೂ ಹಿಡಿಯಲಿಲ್ಲ.

"ಮೊದಲು ಕೈ, ಆಮೇಲೆ ಪೆನ್ನು ಅಂದಿದ್ರಿ!" ಎಂದು ಒಬ್ಬ ಜಗಳಕ್ಕೆ ನಿಂತ.

"ಇದೊಂದಕ್ಕೆ ಮಾತ್ರ ಉಲ್ಟಾ. ನಾನು ಹೇಳೋದು ಬಿಟ್ಟಿದ್ದೆ."

"ಸಾರೇ ತಪ್ಪು ಮಾಡವ್ರೆ ಮಗಾ," ಎಂದು ಹಿಂದಿನ ಸಾಲಿನಿಂದ ಯಾರೋ ಅಂದರು. ಎಲ್ಲರೂ ನಕ್ಕರು.

ಮುಂದಿನ ತಿಂಗಳು ಕ್ಲಬ್ಬಿನ ಒಳಟೂರ್ನಿ ಇತ್ತು. ಪ್ರವೇಶದ ಪಟ್ಟಿಯಲ್ಲಿ ಹೆಸರುಗಳನ್ನು ನಾನೇ ಬರೆಯುತ್ತೇನೆ. ಬಂದವರ ಹೆಸರು ಮಾತ್ರ ಬರೆಯುವುದು ಕ್ರಮ. ಈ ಸಲ ಮೊದಲ ಸಾಲಿನಲ್ಲಿ ಅವಳ ಹೆಸರು ಬರೆದೆ. ಬರುತ್ತೇನೆ ಎಂದು ಅವಳು ಹೇಳಿರಲಿಲ್ಲ. ನಾನು ಕಳಿಸಿದ ಮೆಸೇಜಿಗೆ ಉತ್ತರವೂ ಬಂದಿರಲಿಲ್ಲ. ಭಾನುವಾರ ಬೆಳಿಗ್ಗೆ ಹತ್ತಕ್ಕೆ ಜೋಡಿಗಳನ್ನು ಗೋಡೆಗೆ ಅಂಟಿಸಿದೆ. ಮೊದಲ ಬೋರ್ಡಿನಲ್ಲಿ ಅವಳ ಎದುರಿಗೆ ಎಂಟು ವರ್ಷದ ಒಬ್ಬ ಹುಡುಗಿಯ ಹೆಸರು ಬಂದಿತ್ತು. ಟವೆಲ್ಲಿನಲ್ಲಿ ಬಂದಿದ್ದ ಗಡಿಯಾರವನ್ನೇ ಅಲ್ಲಿಟ್ಟಿದ್ದೆ.

ಉಳಿದ ಬೋರ್ಡುಗಳಲ್ಲಿ ಆಟ ಶುರುವಾಯಿತು. ಆ ಮಗು ಖಾಲಿ ಕುರ್ಚಿ ನೋಡಿ, ನನ್ನನ್ನು ನೋಡಿತು.

"ಸಾರ್, ಅಕ್ಕ ಬರಲ್ವಾ?"

"ಗೊತ್ತಿಲ್ಲ. ಅಕ್ಕಂದು ಬಿಳಿ. ಅವಳ ಗಡಿಯಾರ ಓಡಲಿ, ಒತ್ತು."

ಮಗು ಒತ್ತಿತು. ಅಂಕಿಗಳು ಇಳಿಯತೊಡಗಿದವು. ಅರ್ಧ ಗಂಟೆಯೊಳಗೆ ಬಾರದಿದ್ದರೆ ಸೋಲೆಂದು ನಮೂದಿಸಬೇಕು. ಹದಿನೈದು ನಿಮಿಷ, ಇಪ್ಪತ್ತು ನಿಮಿಷ. ಮೆಟ್ಟಿಲ ಮೇಲೆ ಸಪ್ಪಳವಾದಾಗಲೆಲ್ಲ ಮಗು ಬಾಗಿಲ ಕಡೆ ತಿರುಗುತ್ತಿತ್ತು. ಒಮ್ಮೆ ಬಂದದ್ದು ಟೀ ತರುವವನು, ಇನ್ನೊಮ್ಮೆ ಯಾರದೋ ತಂದೆ. ಅದು ತನ್ನ ಹಾಳೆಯ ಮೇಲೆ ಎರಡೂ ಹೆಸರುಗಳನ್ನು ಬರೆದು ಮುಗಿಸಿತ್ತು. ಫಲಿತಾಂಶದ ಚೌಕದ ಮೇಲೆ ಪೆನ್ನು ಇಟ್ಟುಕೊಂಡು ಕೇಳಿತು.

"ಸಾರ್, ನಾನು ಗೆದ್ದೆ ಅಂತ ಬರೀಲಾ?"

ಗಡಿಯಾರ ನೋಡಿದೆ. ಇನ್ನೂ ನಾಲ್ಕು ನಿಮಿಷ ಇತ್ತು.

"ಇಲ್ಲ ಪುಟ್ಟಾ. ಇನ್ನೂ ಬರೀಬೇಡ," ಎಂದೆ.